ಬೇಡ ಅಂದವಳು

"ನನ್ನ ಪರವಾಗಿ ಮಾತಾಡಿದ್ದು ನೀವೇ ತಾನೆ, ಟೀಚರ್?"

ಎರಡು ಲೋಟ ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಅವನ ಮುಖ ಅರಳಿತ್ತು. ಅವಳು ಓದುತ್ತಿದ್ದ ಪುಸ್ತಕ ಮುಚ್ಚಿದಳು.

ಕಿವಿ ಕೇಳದ ಮಕ್ಕಳ ಆ ಶಾಲೆಯಲ್ಲಿ ಅವಳು ಮಾತು ಕಲಿಸುವ ಟೀಚರ್. ಅವನು ಮಕ್ಕಳಿಗೆ ಹಿಯರಿಂಗ್ ಏಡ್ ಕೂರಿಸುವ ಟೆಕ್ನಿಷಿಯನ್. ಮಗು ಅತ್ತರೆ ಮೊದಲು ತನ್ನ ಕಿವಿಗೇ ಹಾಕಿಕೊಂಡು ಕಣ್ಣರಳಿಸುವವನು. ಆ ಕಣ್ಣು ಮಗುವಿನ ತಲೆಯ ಮೇಲಿಂದ ತನ್ನ ಕಡೆ ಹೊರಳಿದಾಗಲೆಲ್ಲ ಅವಳಿಗೆ ಹೇಳಿಕೊಡುತ್ತಿದ್ದ ಪದವೇ ಮರೆತುಹೋಗುತ್ತಿತ್ತು.

ಈಗ ಅವನಿಗೆ ವಿದೇಶದ ಹೆಸರಾಂತ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತ್ತು. ಖರ್ಚು ಕೊಡಬೇಕಾದ್ದು ಶಾಲೆ ನಡೆಸುವ ಟ್ರಸ್ಟು. ಅದರಲ್ಲಿದ್ದವರು ಅವಳ ದೊಡ್ಡಮ್ಮ, ಒಬ್ಬ ನಿವೃತ್ತ ಜಡ್ಜು ಮತ್ತು ಅವಳು. ನಿನ್ನೆ ಮೀಟಿಂಗಿನಲ್ಲಿ ಜಡ್ಜು ಹ್ಞೂಂ ಅಂದಿದ್ದರು. ದೊಡ್ಡಮ್ಮ ಇನ್ನೂ ಯೋಚಿಸಬೇಕು ಅಂದು ಎದ್ದಿದ್ದರು.

"ನಾನು ಬೇಡ ಅಂದೆ," ಅಂದಳು.

ಕಾಫಿ ತುಳುಕಿತು. "ತಮಾಷೆನಾ?"

"ಅಲ್ಲ. ನಿಮ್ಮೊಬ್ಬರನ್ನ ಓದಿಸೋ ದುಡ್ಡಲ್ಲಿ ಹೊರಗೆ ಕಾಯ್ತಿರೋ ಮಕ್ಕಳಿಗೆಲ್ಲ ಏಡ್ ಬರುತ್ತೆ. ತಡ ಆದಷ್ಟೂ ಅವರಿಗೆ ಮಾತು ಕೈತಪ್ಪುತ್ತೆ. ಆ ಯೂನಿವರ್ಸಿಟಿ ಮೊದಲೇ ತುಂಬಿದ ಕೊಡ, ಅದಕ್ಕೆ ನಾವೂ ನೀರು ಹೊಯ್ಯಬೇಕಾ? ನೀವು ಅಲ್ಲೇ ಉಳಿದುಬಿಟ್ರೆ ಅದು ಎಂಥ ದಾನ?"

ಅವನು ಲೋಟಗಳನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. "ಏಡ್ ಕೆಟ್ಟರೆ ಇಲ್ಲಿ ರಿಪೇರಿ ಮಾಡೋರಿಲ್ಲ. ಅಗ್ಗವಾಗಿ ಇಲ್ಲೇ ತಯಾರು ಮಾಡೋದು ಕಲೀಬೇಕು ಅಂತ ಆಸೆ. ಆಗೇ ಆಗುತ್ತೆ ಅಂತ ಆಣೆ ಇಟ್ಟು ಹೇಳಲಾರೆ." ಆಮೇಲೆ ದನಿ ತಗ್ಗಿಸಿದ. "ಬೇಡ ಅಂದಿದ್ದು ಮಕ್ಕಳಿಗೋಸ್ಕರ ಮಾತ್ರಾನಾ?"

ಉತ್ತರಕ್ಕೆ ಕಾಯದೆ ಅವನು ಹೋದ.

ಆಮೇಲೆ ಕ್ಲಾಸಿನಲ್ಲಿ ಅವಳು ಪುಟ್ಟ ಹುಡುಗಿಯೊಬ್ಬಳ ಅಂಗೈಯನ್ನು ತನ್ನ ಗಂಟಲಿಗೆ ಒತ್ತಿಕೊಂಡು "ಹೋಗು" ಅನ್ನುವ ಪದ ಕಲಿಸುತ್ತಿದ್ದಳು. ಮಗು ಥಟ್ಟನೆ ಕೈ ತೆಗೆದು ಅವಳ ಮುಖ ನೋಡಿತು. ದನಿಯ ನಡುಕ ಅದರ ಕೈಗೆ ತಿಳಿದಿತ್ತು.

ಸಂಜೆ ನೇರ ದೊಡ್ಡಮ್ಮನ ರೂಮಿಗೆ ಹೋದಳು.

"ನನ್ನ ಮಾತು ಗಣನೆಗೆ ತಗೋಬೇಡಿ, ದೊಡ್ಡಮ್ಮ. ಅದರಲ್ಲಿ ನ್ಯಾಯ ಎಷ್ಟು, ಸ್ವಾರ್ಥ ಎಷ್ಟು ಅಂತ ನನಗೇ ಗೊತ್ತಾಗ್ತಿಲ್ಲ. ಅವರು ಹೋಗಿಬಿಟ್ರೆ ನಾನು..."

ದೊಡ್ಡಮ್ಮ ಕನ್ನಡಕ ತೆಗೆದರು. "ಅಯ್ಯೋ ಪೆದ್ದಿ, ಅವನು ಕಾರಿಡಾರಲ್ಲಿ ಬಂದ್ರೆ ನಿನ್ನ ಕೈ ಜಡೆಗೆ ಹೋಗೋದು ಈ ಕಟ್ಟಡಕ್ಕೆಲ್ಲ ಗೊತ್ತು." ಅದನ್ನು ಸೆರಗಿನಲ್ಲಿ ಒರೆಸುತ್ತ, "ಹಾಗಂತ ನೀನು ಹೇಳಿದ್ದು ಸುಳ್ಳಲ್ಲ ಕಣೇ. ಅದಕ್ಕೇ ನನಗೂ ಸಂಕಟ," ಅಂದರು.

ಮರುದಿನ ಮತ್ತೆ ಸೇರಿದ ಮೀಟಿಂಗಿಗೆ ಅವಳು ಹೋಗಲಿಲ್ಲ. ಅವನನ್ನು ಕಳಿಸುವುದೆಂದು ಉಳಿದಿಬ್ಬರೂ ತೀರ್ಮಾನಿಸಿದರು. "ತಪ್ಪಾದ್ರೆ ನನ್ನ ತಲೆ ಮೇಲಿರಲಿ," ಅಂದರಂತೆ ದೊಡ್ಡಮ್ಮ.

ಅವನು ಕೆಲಸದ ಕೋಣೆಯಲ್ಲಿ ಕಿವಿಯೊಳಗೆ ಕೂರುವ ಏಡಿನ ಮೋಲ್ಡ್ ಒಂದನ್ನು ಉಜ್ಜಿ ನಯಮಾಡುತ್ತಿದ್ದ. ಅವಳು ಒಳಗೆ ಬಂದರೂ ತಲೆ ಎತ್ತಲಿಲ್ಲ.

"ಮೀಟಿಂಗಿಗೆ ಹೋಗಲಿಲ್ವಂತೆ. ಯಾಕೆ?"

"ನಿನ್ನೆ ನೀವು ಕೇಳಿದ್ರಲ್ಲ, ಅದಕ್ಕೆ." ಮೇಜಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡಳು. "ಮಕ್ಕಳಿಗೋಸ್ಕರ ಮಾತ್ರ ಅಲ್ಲ. ನೀವಂದ್ರೆ ನನಗೆ ಇಷ್ಟ."

ಉಜ್ಜುವ ಕೈ ನಿಂತಿತು. ಅವನ ಕಿವಿತುದಿ ಕೆಂಪಾದದ್ದನ್ನು ಅವಳು ನೋಡಿದಳು.

"ಹಾಗಾದ್ರೆ ಈಗ ನಾನು ಹೋಗೋದು ಸರಿ ಅಂತೀರಾ?"

"ಇಲ್ಲ. ಆ ದುಡ್ಡು ಮಕ್ಕಳದ್ದು ಅಂತ ಈಗಲೂ ಅನ್ಸುತ್ತೆ."

"ನನಗೂ ಅನ್ಸುತ್ತೆ. ರಾತ್ರಿಯೆಲ್ಲ ಅದೇ ಭಯ." ಅವನು ಎದ್ದು ಬಂದು ಅವಳ ಬೆರಳು ಹಿಡಿದ. "ವಾಪಸ್ ಬರ್ತೀನಿ. ನಂಬ್ತೀಯಾ?"

ಮೊದಲ ಸಲ ಅವನು 'ನೀನು' ಅಂದಿದ್ದ.

"ನಂಬಿಕೆ ಬರ್ತಿಲ್ಲ," ಅಂದಳು, ಕೈ ಬಿಡಿಸಿಕೊಳ್ಳದೆ. "ಆದ್ರೂ ಕಾಯ್ತೀನಿ."

ಗಂಟೆಯ ಬದಲು ಕ್ಲಾಸಿಗೆ ಕರೆಯುವ ಗೋಡೆಯ ದೀಪ ಮಿನುಗತೊಡಗಿತು. ಇಬ್ಬರೂ ಅಲುಗಲಿಲ್ಲ.