ಹಸಿ ಗೋಣಿಯ ಕೆಳಗಿನ ಬುಟ್ಟಿ

"ಇವನ್ನ ಎಲ್ಲಿಂದ ತಂದಿಯವ್ವಾ?"

ಅವ್ವ ಮಲ್ಲಮ್ಮ ಬದನೆಕಾಯಿ ಸೀಳಿ ಹಿಡಿದು ಕೇಳಿದಳು. ಒಳಗೆಲ್ಲ ಬೀಜವೇ ಬೀಜ. ಬನಶಂಕರಿ ತನ್ನ ಹೆಬ್ಬೆರಳು ನೋಡುತ್ತ ನಿಂತಳು.

"ಹೊಸಾ ಮಾರ್ಟ್‌ನಿಂದ. ಅಲ್ಲಿ ಎಸಿ ಐತಿ ಬೇ! ಎಷ್ಟು ಮಿಂಚಾಕ ಹತ್ತಿದ್ವು ನೋಡಬೇಕಿತ್ತು."

"ಮಿಂಚು ಕಟಗೊಂಡು ಎಣ್ಣಿಗಾಯಿ ಮಾಡ್ಲೇನು? ಒಂದು ತೆಂಗಿನಕಾಯಿಯಷ್ಟು, ಒಂದು ನಿಂಬಿಕಾಯಿಯಷ್ಟು. ಸಣ್ಣದು ಕರಗಿ ಹೋದ್ರೂ ದೊಡ್ಡದು ಹಸೀನ ಇರ್ತೈತಿ. ಸೀರಿ ತಗೊಳ್ಳಾಕ ಬಂದ ಹುಬ್ಬಳ್ಳಿಯವರು ಇವತ್ತ ಇಲ್ಲೇ ಊಟಕ್ಕ ಬರ್ತಾರ. ಎಣ್ಣಿಗಾಯಿ ಬೇಕಂತ ಫೋನ್ ಮಾಡಿ ಹೇಳ್ಯಾರ!"

ಇಳಕಲ್ಲಿನ ಬಸ್‌ಸ್ಟ್ಯಾಂಡ್ ಹಿಂದಿನ ಆ ಪುಟ್ಟ ಖಾನಾವಳಿಗೆ ಹೆಸರು ಬಂದದ್ದೇ ಎಣ್ಣೆಗಾಯಿಯಿಂದ. ಅದು ಕೆಟ್ಟರೆ ಅವ್ವನ ಮರ್ಯಾದೆಯೇ ಹೋದಂತೆ.

"ರವಿವಾರ ಬಂದ್ರ ದಸ್ತಗೀರಬಿ ಕಡಿಂದ ತರ್ತಿದ್ದಿ. ಇವತ್ತ ಏನಾತು?"

ಹೋದ ವಾರ ಬನಶಂಕರಿ ಬಜಾರದಲ್ಲಿ ಕುಕ್ಕರಗಾಲಲ್ಲಿ ಕೂತು ಬದನೆಕಾಯಿ ಆರಿಸುವುದನ್ನು ಕ್ಲಾಸಿನ ಶಿವಪ್ರಕಾಶ ನೋಡಿಬಿಟ್ಟಿದ್ದ. ಮರುದಿನದಿಂದ ಶಾಲೆಗೆಲ್ಲ ಅವಳು 'ಬದನಿಕಾಯಿ ಬನಶಂಕ್ರಿ'. ಅಂಥ ಹೆಸರು ಯಾರಿಗೆ ಬೇಕು?

ಅವ್ವ ಚೀಲ ಕೈಗಿಟ್ಟಳು. "ಓಡು. ಬಜಾರ ಮುಗಿಯೂ ಹೊತ್ತಾತು. ಸಿಕ್ರ ನಮ್ಮ ಪುಣ್ಯ."

ಬಜಾರದಲ್ಲಿ ಆಗಲೇ ಎಲ್ಲರೂ ಬುಟ್ಟಿ ಕಟ್ಟುತ್ತಿದ್ದರು. ದಸ್ತಗೀರಬಿ ಅಜ್ಜಿಯ ಮುಂದೆ ಉಳಿದದ್ದು ನಾಲ್ಕಾರು ಒಣ ಎಲೆ. ಆದರೆ ಅಜ್ಜಿಯ ಬೆನ್ನ ಹಿಂದೆ, ಹಸಿ ಗೋಣಿ ಮುಚ್ಚಿದ ಒಂದು ಬುಟ್ಟಿ ಇತ್ತು. ಬೈಕಿನ ಮೇಲೆ ಕೂತ ಒಬ್ಬ ಹೋಟೆಲಿನವನ ಕಣ್ಣೂ ಅದರ ಮೇಲೇ ಇತ್ತು.

"ಅಜ್ಜಿ, ಅದನ್ನ ಕೊಟ್ಟಬಿಡ್ರಿ. ನೀವು ಕೇಳಿದ್ದು ಕೊಡ್ತೇನಿ."

"ಅದು ಮಾರಿದ್ದಾತಪ್ಪ."

"ಮಾರಿದ್ರ ಇನ್ನೂ ಇಲ್ಲ್ಯಾಕ ಐತಿ?"

"ಬರ್ತಾರ. ಅದು ಮಲ್ಲಮ್ಮನ ಖಾನಾವಳಿದು."

ಹೋಟೆಲಿನವನು ಗೊಣಗುತ್ತ ಹೋದ. ಉಳ್ಳಾಗಡ್ಡಿ ಚೀಲಗಳ ಮರೆಯಲ್ಲಿ ನಿಂತು ಕೇಳಿಸಿಕೊಂಡ ಬನಶಂಕರಿ ಮೆಲ್ಲಗೆ ಮುಂದೆ ಬಂದಳು.

"ಬಂದಿಯೇನವ್ವಾ? ಜ್ವರಾ ಗಿರಾ ಬಂದಾವೇನೋ ಅಂದಕೊಂಡಿದ್ದೆ."

"ಇಲ್ಲಜ್ಜಿ. ಮಾರ್ಟ್‌ಗೆ ಹೋಗಿದ್ದೆ." ನಿಜ ತಾನಾಗಿಯೇ ಬಾಯಿಂದ ಜಾರಿತು.

ಅಜ್ಜಿ ನಕ್ಕುಬಿಟ್ಟಳು. "ಹೌದಾ? ಏನ್ ಅಡಿಗಿ ಮಾಡ್ತೀರಿ ಅಂತ ಕೇಳಿದ್ರಾ?"

"ಯಾರೂ ಕೇಳಲಿಲ್ಲ. ಬಿಲ್ ಮಾಡೂ ಅಕ್ಕ 'ಕವರ್ ಬೇಕಾ' ಅಂದ್ಲು, ಅಷ್ಟ."

ಅಜ್ಜಿ ಗೋಣಿ ಸರಿಸಿದಳು. ಅಳೆದು ಬೆಳೆಸಿದಂತೆ ಒಂದೇ ಗಾತ್ರದ ಪುಟ್ಟ ಕಾಯಿಗಳು! ತೊಟ್ಟಿನ ಮುಳ್ಳು ಕೂಡ ಇನ್ನೂ ಚುಚ್ಚುವಷ್ಟು ತಾಜಾ.

"ಅಜ್ಜಿ, ನಾ ಬರದ ಇದ್ದಿದ್ರ?"

"ಹೋದ ಮಳಿಗಾಲದಾಗ ಒಂದಿನ ಬಜಾರಕ್ಕ ನರಪಿಳ್ಳಿ ಬರಲಿಲ್ಲ. ನಿಮ್ಮವ್ವ ತೊಯ್ಸಿಕೊಂತ ಬಂದು ನನ್ನ ಬುಟ್ಟಿ ಪೂರಾ ಖಾಲಿ ಮಾಡಿದ್ಲು. ಅವತ್ತ ಆಕಿಗೆ ಅಷ್ಟು ಬೇಕಿತ್ತೇನು?"

ಬನಶಂಕರಿಗೆ ಆ ವಾರ ನೆನಪಾಯಿತು. ಬೆಳಿಗ್ಗೆ ಬದನೆಕಾಯಿ, ರಾತ್ರಿ ಬದನೆಕಾಯಿ. ತಾಟು ಸರಿಸಿ, ಮುಖ ಗಂಟಿಕ್ಕಿ ಕೂತಿದ್ದಳು. ಅವ್ವ ಏನೂ ಹೇಳದೆ ತಾನೇ ಉಂಡಿದ್ದಳು.

ಅಜ್ಜಿ ಕಾಯಿಗಳನ್ನು ಚೀಲಕ್ಕೆ ತುಂಬಿ, ಬುಟ್ಟಿಯ ತಳದಲ್ಲಿ ಎತ್ತಿಟ್ಟಿದ್ದ ಒಂದು ಹಿಡಿ ಕೊತ್ತಂಬರಿಯನ್ನೂ ಮೇಲೆ ಹಾಕಿದಳು. ಚೀಲವನ್ನು ಎದೆಗವಚಿಕೊಂಡು ಬನಶಂಕರಿ ಓಡಿದಳು. ತಿರುವಿನಲ್ಲಿ ಸೈಕಲ್ ಮೇಲಿದ್ದ ಶಿವಪ್ರಕಾಶ "ಏ ಬದನಿಕಾಯಿ!" ಎಂದು ಕೂಗಿದ. ನಿಲ್ಲಲು ಅವಳಿಗೆ ಪುರುಸೊತ್ತೆಲ್ಲಿ?

ಮಧ್ಯಾಹ್ನ ಖಾನಾವಳಿ ತುಂಬಿತ್ತು. ಹುಬ್ಬಳ್ಳಿಯವರು ಎಣ್ಣೆಗಾಯಿಯನ್ನು ಮತ್ತೆ ಮತ್ತೆ ಹಾಕಿಸಿಕೊಂಡರು. ಅವರಲ್ಲಿ ಒಬ್ಬ ಅಜ್ಜ ಬೆರಳು ಚೀಪುತ್ತ ಕೇಳಿದರು, "ಏನ್ ಬದನಿಕಾಯಿ ಅದಾವ್ರೀ! ಯಾರು ಆರಿಸಿ ತರ್ತಾರ?"

ಅವ್ವ ಬಾಯಿ ತೆರೆಯುವ ಮೊದಲೇ, ರೊಟ್ಟಿ ಹಿಡಿದು ನಿಂತ ಬನಶಂಕರಿ ಬೀದಿಗೆ ಕೇಳುವಷ್ಟು ಜೋರಾಗಿ ಹೇಳಿದಳು:

"ನಮ್ಮ ದಸ್ತಗೀರಬಿ ಅಜ್ಜಿ ಆರಿಸಿ ಇಡ್ತಾಳ್ರಿ. ತರಾಕಿ ನಾನ್ರಿ, ಬದನಿಕಾಯಿ ಬನಶಂಕ್ರಿ!"