ಎರಡನೇ ಕಂಪೈಲ್

ಅಮಾವಾಸ್ಯೆಗೆ ಕಂಪ್ಲಿಯ ನಮ್ಮ ರೈಸ್‌ಮಿಲ್ಲು ಪೂಜೆ ಮುಗಿಸಿ ನಿಲ್ಲುತ್ತದೆ. ಆ ಬಿಡುವಿನಲ್ಲೇ ಲಾರಿ ತೂಗುವ ಕಂಪ್ಯೂಟರಿಗೆ ಹೊಸ ಡಿಸ್ಕ್ ಹಾಕಿ, ಆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶವಾದ ಕರ್ನಲ್ಲನ್ನು ಜೀವನದಲ್ಲೇ ಮೊದಲ ಸಲ ಕಂಪೈಲ್ ಮಾಡಲು, ಎಂದರೆ ಬರೆದಿಟ್ಟ ಸಾಲುಗಳನ್ನು ಯಂತ್ರದ ಭಾಷೆಗೆ ತಿರುಗಿಸಲು, ಕುಳಿತೆ.

“ಲಿಂಗರಾಜಾ, ಇವತ್ತು ಬ್ಯಾಡೋ. ಜಂಬಯ್ಯನೂ ಅಮಾಸಿಗೇ ಕುಂತಿದ್ದ,” ಎಂದರು ಸಾಹುಕಾರ ದೊಡ್ಡಬಸಪ್ಪನವರು. ಜಂಬಯ್ಯ ನನಗಿಂತ ಮುಂಚಿನ ಆಪರೇಟರ್. ಇದೇ ಕೆಲಸ ಹಚ್ಚಿಕೊಂಡು, ಮುಗಿಯುವ ಮುನ್ನವೇ ಇದೇ ಕುರ್ಚಿಯಲ್ಲಿ ಪ್ರಾಣ ಬಿಟ್ಟವನು.

“ನಾಳೆ ಮಿಲ್ ನಿಲ್ಸಾಕ ಆಗಂಗಿಲ್ಲಲ್ರೀ,” ಎಂದೆ.

ಕಂಪೈಲ್ ಶುರುವಾದರೆ ಯಂತ್ರ ಬಿಸಿಯಾಗಬೇಕು, ಫ್ಯಾನ್ ಒದರಬೇಕು. ಫ್ಯಾನ್ ತಿರುಗಲೇ ಇಲ್ಲ. ಮುಟ್ಟಿದರೆ, ಮಧ್ಯಾಹ್ನದ ಆ ಧಗೆಯಲ್ಲೂ ಪೆಟ್ಟಿಗೆ ಕಾಲುವೆ ನೀರಿನಷ್ಟು ತಣ್ಣಗಿತ್ತು. ಬೆಳಿಗ್ಗೆ ಪೂಜೆಗೆ ನಾನೇ ಅದಕ್ಕೆ ಬಳಿದ ವಿಭೂತಿ ಇನ್ನೂ ಹಸಿಯಾಗಿತ್ತು. ಪರದೆಯ ಮೇಲೆ ಸಾಲುಗಳು ಮಾತ್ರ ಸರಸರ ಓಡುತ್ತಿದ್ದವು. ಮೂರು ತಾಸಿನ ಕೆಲಸ ಇಪ್ಪತ್ತು ನಿಮಿಷಕ್ಕೆ ಮುಗಿಯಿತು.

ಕರ್ನಲ್ ಎಷ್ಟನೇ ಸಲ ಕಂಪೈಲ್ ಆಯಿತೆಂದು ಯಂತ್ರವೇ ಎಣಿಸಿ ಬರೆದುಕೊಳ್ಳುತ್ತದೆ. ಹೊಸ ಡಿಸ್ಕಿನಲ್ಲಿ ಅದು ಒಂದು ಎಂದಿರಬೇಕಿತ್ತು. ಎರಡು ಎಂದಿತ್ತು.

ಸಾಹುಕಾರರಿಗೆ ಬಿಡಿಸಿ ಹೇಳಿದೆ. ಅವರು ನಾನು ಕುಳಿತ ಕುರ್ಚಿಯ ಕಡೆ ನೋಡಿದರು.

“ಹಂಗಾದ್ರ ಮೊದ್ಲನೇದು ಅವ ಮುಗಿಸ್ಯಾನ,” ಎಂದರು.

ಆ ಡಿಸ್ಕಿನ ಸೀಲನ್ನು ನಾನು ಒಡೆದದ್ದು ಅದೇ ದಿನ ಬೆಳಿಗ್ಗೆ.