ಹಡಗಿಗೆ ಬಣ್ಣ ಹೊಡೆಯುವ ಅಪ್ಪ

ಟಕ್, ಟಕ್, ಟಕ್.

ಕ್ಲಾಸಿನ ಕಿಟಕಿಯಾಚೆ ಡಬ್ಬದ ಅಂಚಿಗೆ ಬ್ರಷ್ ಬಡಿದ ಸದ್ದು. ವಟವಟಿಯ ಪೆನ್ಸಿಲ್ ನಿಂತೇ ಹೋಯಿತು. ಲೋಕದಲ್ಲಿ ಲಕ್ಷ ಪೇಂಟರ್‌ಗಳಿರಬಹುದು. ಬ್ರಷ್ ಅದ್ದಿದಾಗಲೆಲ್ಲ ಸರಿಯಾಗಿ ಮೂರೇ ಸಲ ಬಡಿಯುವವನು ಅವಳಪ್ಪ ಒಬ್ಬನೇ, ಬೇಕಾದರೆ ಪಂದ್ಯ ಕಟ್ಟಿ.

ವಟವಟಿ ಎಂದು ಹೆಸರಿಟ್ಟದ್ದು ಕ್ಲಾಸಿನವರು. ಅವಳು ಮಾತು ಶುರುಮಾಡಿದರೆ ಗೋಡೆ ಗಡಿಯಾರವೂ ನಿಂತು ಕೇಳುತ್ತಿತ್ತು. ಅಪ್ಪ ಹಡಗಿಗೆ ಬಣ್ಣ ಹೊಡೆಯಲು ಹೋಗಿದ್ದಾನೆ, ಆ ತುದಿ ಮುಗಿಸುವಷ್ಟರಲ್ಲಿ ಈ ತುದಿಯ ಬಣ್ಣ ಹಳತಾಗಿರುತ್ತದೆ, ಅಷ್ಟುದ್ದದ ಹಡಗು ಎಂದು ತಿಂಗಳಿಂದ ಕೊಚ್ಚಿಕೊಳ್ಳುತ್ತಿದ್ದಳು.

ನಿಜ ಅಷ್ಟುದ್ದವಿರಲಿಲ್ಲ. ಅಂಗಡಿಯವನೊಬ್ಬ ಹೇಳಿದನೆಂದು ಅಪ್ಪ ಸೇತುವೆಯ ಗೋಡೆ ಮೇಲೆ ಜಾಹೀರಾತು ಬರೆದಿದ್ದ. ಅಲ್ಲಿ ಬರೆಯಬಾರದಿತ್ತು. ಅಂಗಡಿಯವನು ಕೈಕೊಟ್ಟ, ಕೋರ್ಟು ದಂಡ ಹಾಕಿದ್ದು ಅಪ್ಪನಿಗೆ. ಕಟ್ಟಲಾಗದ್ದಕ್ಕೆ ಜೈಲು. ದುಡಿದಷ್ಟು ದಿನ ದಂಡದಲ್ಲಿ ವಜಾ. ಆದರೆ ಕೆಲಸದ ಹೊತ್ತಿನಲ್ಲಿ ಮನೆಯವರ ಜೊತೆ ಮಾತಾಡಿದರೆ ಆ ದಿನ ಲೆಕ್ಕಕ್ಕಿಲ್ಲ. ಇದನ್ನು ಅಮ್ಮ ಹೇಳಿದ್ದಳು, ವಟವಟಿಯ ಬಾಯಿ ಮೇಲೆ ಕೈಯಿಟ್ಟು. ಇವತ್ತು, ನಾಳೆ ಮುಗಿದರೆ ಅಪ್ಪ ಮನೆಗೆ.

ಆಟದ ಬೆಲ್ ಆಯಿತು. ಶಾಲೆಯ ಕಾಂಪೌಂಡಿಗೆ ಸುಣ್ಣ ಹೊಡೆಯುತ್ತಿದ್ದವರು ಆರು ಜನ, ಎಲ್ಲರಿಗೂ ಒಂದೇ ಥರದ ಬಟ್ಟೆ. ಕೊನೆಯವನು ಅಪ್ಪ. ಇವಳನ್ನು ಕಂಡವನೇ ಗೋಡೆಯ ಕಡೆ ತಿರುಗಿಬಿಟ್ಟ. ಅಂಗಿಯ ಕಾಲರಿನೊಳಗೆ ಇನ್ನೊಂದು ಕತ್ತು ಹಿಡಿಸುವಷ್ಟು ಸೊರಗಿದ್ದ.

"ಲೇ, ಅವ್ರು ನಿಮ್ಮಪ್ಪನ ಥರಾನೇ ಇದಾರಲ್ಲೇ," ಎಂದಳು ಗೆಳತಿ. "ಹಡಗು ಮುಳುಗೋಯ್ತಾ?"

ಕಾವಲಿಗೆ ನಿಂತಿದ್ದ ಪೊಲೀಸಮ್ಮ ಹಾಜರಿ ಪುಸ್ತಕದಿಂದ ತಲೆಯೆತ್ತಿದರು. "ಏನ್ ಪುಟ್ಟಿ, ನಿಮ್ಮಪ್ಪಾನಾ?"

ಅಪ್ಪನ ಬ್ರಷ್ ಡಬ್ಬದ ಮೇಲೇ ನಿಂತಿತು.

ವಟವಟಿಯ ಗಂಟಲಲ್ಲಿ ಸಾವಿರ ಮಾತು ನೂಕಾಡಿದವು. ಊಟ ಮಾಡಿದೆಯಾ ಅಂತ ಕೇಳಬೇಕಿತ್ತು. ಬಿದ್ದ ಹಲ್ಲಿನ ಜಾಗ ತೋರಿಸಬೇಕಿತ್ತು.

"ಅಲ್ಲ ಆಂಟಿ," ಎಂದಳು. "ನಮ್ಮಪ್ಪ ದೂರ ಇದಾರೆ. ಹಡಗಿಗೆ ಬಣ್ಣ ಹೊಡೀತಿದಾರೆ."

ನೂರು ಸಲ ಹೇಳಿದ ಮಾತೇ. ಹೇಳಿದಾಗಲೆಲ್ಲ ಹಡಗು ಒಂದು ಮಾರು ಬೆಳೆಯುತ್ತಿತ್ತು. ಈ ಸಲ ಬೆಳೆಯಲಿಲ್ಲ.

ಪೊಲೀಸಮ್ಮ ಅವಳ ಮುಖ ನೋಡಿದರು, ಅಪ್ಪನ ಬೆನ್ನು ನೋಡಿದರು, ಏನನ್ನೂ ಬರೆಯದೆ ಪುಸ್ತಕ ಮುಚ್ಚಿದರು.

ಹಡಗಿಗೆ ಯಾವ ಬಣ್ಣವೆಂದು ಗೆಳತಿ ಕೇಳುತ್ತಲೇ ಇದ್ದಳು. ವಟವಟಿ ತುಟಿ ಕಚ್ಚಿಕೊಂಡು ಕ್ಲಾಸಿನ ಕಡೆ ನಡೆದಳು.

ಬೆನ್ನ ಹಿಂದೆ ಡಬ್ಬ ಟಕ್ ಎಂದಿತು. ಮತ್ತೊಮ್ಮೆ ಟಕ್. ಮೂರನೆಯದು ಬರುವವರೆಗೂ ಅವಳು ಮುಂದಿನ ಹೆಜ್ಜೆ ಇಡಲಿಲ್ಲ. ಅಪ್ಪ ಯಾಕೆ ತಿರುಗಿ ನೋಡುತ್ತಿಲ್ಲವೆಂದು ಗೊತ್ತಿತ್ತು. ಅವಳೂ ತಿರುಗಲಿಲ್ಲ.